ಅರಸನೂ ಮನೆ ಬಿಡುವ ನಾಡು

ನೆರೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರವೆಂಥದು? ಕುಸಿದ ಗೋಡೆ, ತೇಲಿಹೋದ ಪಾತ್ರೆ ಪಡಗ, ಊರ ಶಾಲೆಯ ಜಗಲಿಯಲ್ಲಿ ಮುದುರಿ ಕುಳಿತ ಸಂಸಾರಗಳು. ನೆರೆ ಬಾರದಿರಲೆಂದು ಹೊಳೆಗೆ ಬಾಗಿನ ಕೊಟ್ಟು ಕೈ ಮುಗಿಯುವವರನ್ನು ನಾವು ಬಲ್ಲೆವು. ಆದರೆ, ಈ ವರ್ಷ ನೆರೆ ಬಾರದೆ ಹೋಯಿತಲ್ಲ ಎಂದು ತಲೆಯ ಮೇಲೆ ಕೈ ಹೊತ್ತು ಕುಳಿತುಕೊಳ್ಳುವ ಜನರನ್ನು ಕಂಡವರುಂಟೆ? ಅಂಥ ಜನರ ನಾಡೊಂದು ಮಧ್ಯ ಆಫ್ರಿಕದಲ್ಲಿದೆ. ಈ ವಾರ ಓದುಗರನ್ನು ಅಲ್ಲಿಗೆ ಕರೆದೊಯ್ಯುವುದು ನನ್ನ ಆಸೆ.

ಜಾಂಬಿಯ ದೇಶದ ಪಡುವಣ ಅಂಚಿನಲ್ಲಿ, ಅಂಗೋಲದ ಗಡಿಗೆ ತಾಗಿಕೊಂಡು, ‘ಪಶ್ಚಿಮ ಪ್ರಾಂತ’ವೆಂಬ ತೀರ ಸಪ್ಪೆಯಾದ ಹೆಸರಿನ ಪ್ರಾಂತವೊಂದುಂಟು. ಹಳೆಯ ಭೂಪಟಗಳಲ್ಲಿ ಇದಕ್ಕೆ ಬಾರೋಟ್ಸೆಲ್ಯಾಂಡ್ ಎಂದು ಹೆಸರು. ಅಲ್ಲಿಯವರ ಬಾಯಲ್ಲಿ ಇದು ಬುಲೋಜಿ, ಎಂದರೆ ಲೋಜಿ ಜನರ ನಾಡು. ಹಳೆಯ ಹೆಸರು ಹೇಗೆ ಅಳಿಸಿಹೋಯಿತೆಂಬ ಕಥೆ ಮುಂದೆ ಬರುತ್ತದೆ. ಪ್ರಾಂತದ ವಿಸ್ತೀರ್ಣ 1,26,386 ಚದರ ಕಿಲೋಮೀಟರು. 2010ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು ಒಂಬತ್ತು ಲಕ್ಷ. 2022ರ ಗಣತಿಯ ಹೊತ್ತಿಗೆ ಹದಿಮೂರು ಲಕ್ಷವನ್ನು ಮೀರಿದ್ದರು. ದೇಶದ ರಾಜಧಾನಿ ಲುಸಾಕದಿಂದ ಪ್ರಾಂತದ ಮುಖ್ಯ ಪಟ್ಟಣವಾದ ಮೊಂಗುವಿಗೆ ಸುಮಾರು ಆರುನೂರು ಕಿಲೋಮೀಟರು. ದಾರಿಯಲ್ಲಿ ಕಫುವೆ ಎಂಬ ವಿಶಾಲವಾದ ವನ್ಯಮೃಗಗಳ ಕಾಡನ್ನು ಹಾದು ಹೋಗಬೇಕು.

ನೆಲವೆಲ್ಲ ಮರಳು. ದಕ್ಷಿಣದ ಕಲಹರಿ ಮರುಭೂಮಿಯ ಮರಳೇ ಯಾವುದೋ ಕಾಲದಲ್ಲಿ ಇಲ್ಲಿಯವರೆಗೆ ಹಬ್ಬಿ ಹಾಸಿಕೊಂಡಿದೆ. ಮಳೆ ಸಾಕಷ್ಟು ಬೀಳುವುದರಿಂದ ಅದರ ಮೇಲೆ ಕಾಡು ಬೆಳೆದಿದೆ. ಆದರೆ ಹೊಲ ಮಾಡಹೊರಟವನಿಗೆ ಆ ಮರಳು ಹೆಚ್ಚು ದಿನ ಒಲಿಯುವುದಿಲ್ಲ. ಈ ಮರಳುಗಾಡಿನ ನಟ್ಟನಡುವೆ ಜಾಂಬೆಜಿ ನದಿ ಹರಿಯುತ್ತದೆ. ಸುಮಾರು 2,700 ಕಿಲೋಮೀಟರು ಉದ್ದದ ಈ ಮಹಾನದಿ ಜಾಂಬಿಯದ ವಾಯವ್ಯ ಮೂಲೆಯಲ್ಲಿ ಹುಟ್ಟಿ, ಅಂಗೋಲದೊಳಕ್ಕೆ ಹೊಕ್ಕು, ಮತ್ತೆ ತವರಿಗೆ ಮರಳಿ ಈ ಪ್ರಾಂತದ ಬಯಲಿಗೆ ಇಳಿಯುತ್ತದೆ. ಇಲ್ಲಿ ಬಯಲು ಎಷ್ಟು ಸಮತಟ್ಟೆಂದರೆ ನದಿಗೆ ತಾನು ಯಾವ ಕಡೆಗೆ ಹರಿಯಬೇಕೆಂಬುದೇ ಮರೆತುಹೋದಂತಿದೆ. ಉತ್ತರದಲ್ಲಿ ಕಬೊಂಪೊ ಮತ್ತು ಲುಂಗ್ವೆಬುಂಗು ಉಪನದಿಗಳು ಕೂಡಿಕೊಳ್ಳುವಲ್ಲಿಂದ ದಕ್ಷಿಣದ ಎನ್ಗೋನ್ಯೆ ಜಲಪಾತದ ಸಮೀಪದವರೆಗೆ ಇನ್ನೂರು ಕಿಲೋಮೀಟರಿಗೂ ಉದ್ದವಾಗಿ, ಕೆಲವೆಡೆ ಐವತ್ತು ಕಿಲೋಮೀಟರು ಅಗಲವಾಗಿ ಮಲಗಿರುವ ಈ ಬಯಲೇ ಲೋಜಿ ಜನರ ಪ್ರಾಣ. ಅದರಲ್ಲಿ ಮರವೆಂಬುದೇ ಅಪರೂಪ. ಬೇಸಗೆಯಲ್ಲಿ ದಿಗಂತದವರೆಗೆ ಹುಲ್ಲು. ನೆರೆಗಾಲದಲ್ಲಿ ದಿಗಂತದವರೆಗೆ ನೀರು.

ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಮೊಂಗುವಿನಲ್ಲಿ ಮಳೆ ಹೊಯ್ದಾಗ ಬಯಲು ತುಂಬುವುದಿಲ್ಲ. ಜನವರಿ ಫೆಬ್ರವರಿಗಳಲ್ಲಿ ದೂರದ ಅಂಗೋಲದ ಎತ್ತರದ ನಾಡುಗಳಲ್ಲಿ ಬಿದ್ದ ಮಳೆ, ಜೌಗಿನಿಂದ ಜೌಗಿಗೆ ಸೋಸಿಕೊಂಡು, ಅವಸರವೇ ಇಲ್ಲದೆ ಇಳಿದು ಬರುತ್ತದೆ. ಆದುದರಿಂದ ಬಯಲಿನಲ್ಲಿ ನೆರೆ ಏರುಮುಖವಾಗುವುದು ಏಪ್ರಿಲ್ ತಿಂಗಳಲ್ಲಿ, ಮಳೆಗಾಲ ಮುಗಿಯುತ್ತ ಬಂದಾಗ! ನೀರು ಮೋಡವಿಲ್ಲದ ಆಕಾಶದ ಕೆಳಗೆ, ಸದ್ದಿಲ್ಲದೆ, ದಿನಕ್ಕಿಷ್ಟೆಂದು ಏರುತ್ತದೆ. ಇಂಥ ನೆರೆಯಲ್ಲಿ ಭಯಕ್ಕಿಂತ ಸಿದ್ಧತೆಗೆ ಅವಕಾಶ ಹೆಚ್ಚು. ಜೂನ್ ಜುಲೈಗಳಲ್ಲಿ ಅದು ಬಂದಂತೆಯೇ ಮೆಲ್ಲಗೆ ಇಳಿದು, ಹಿಂದೆ ಹಸಿಯಾದ ನೆಲವನ್ನೂ ಎಳೆಯ ಹುಲ್ಲನ್ನೂ ಬಿಟ್ಟುಹೋಗುತ್ತದೆ.

ಬಯಲಿನ ಹಳ್ಳಿಗಳಿರುವುದು ದಿಬ್ಬಗಳ ಮೇಲೆ. ದಿಬ್ಬಗಳಲ್ಲಿ ಬಹಳಷ್ಟು ಮೊದಲು ಗೆದ್ದಲ ಹುತ್ತಗಳಾಗಿದ್ದುವು. ಕೆಲವನ್ನು ಜನರೇ ಮಣ್ಣು ಹೊತ್ತು ಎತ್ತರಿಸಿದರು. ವರ್ಷದ ಹೆಚ್ಚಿನ ತಿಂಗಳು ಸಂಸಾರ ಅಲ್ಲಿ. ನೀರು ದಿಬ್ಬದ ನೆತ್ತಿಗೆ ಬಂದಾಗ ಕುಟುಂಬಗಳು ಗಂಟು ಕಟ್ಟಿ, ಮರ ಕೊರೆದು ಮಾಡಿದ ದೋಣಿಗಳಲ್ಲಿ ಬಯಲಂಚಿನ ಎತ್ತರದ ಮರಳು ನೆಲಕ್ಕೆ ತೆರಳುತ್ತವೆ. ದನಕರುಗಳೂ ಹಾಗೆಯೇ ದಡ ಸೇರುತ್ತವೆ. ಹೊರಗಿನವರಿಗೆ ಇದು ಅಲೆಮಾರಿತನದಂತೆ ಕಂಡೀತು. ಆದರೆ ಇವರಿಗೆ ಮನೆ ಎರಡು, ಹೊಲ ಐದಾರು ಬಗೆಯದು. ದಿಬ್ಬದ ಮೇಲೆ ದನದ ಗೊಬ್ಬರ ಉಂಡ ತೋಟ ಬೇರೆ, ನೀರು ಬತ್ತಿದ ತಗ್ಗಿನ ಹೊಲ ಬೇರೆ, ಬಯಲಂಚಿನಲ್ಲಿ ಒರತೆ ಜಿನುಗುವ ಕಪ್ಪು ನೆಲ ಬೇರೆ, ಕಾಡಿನಲ್ಲಿ ಕಡಿದು ಸುಟ್ಟು ಮರಗೆಣಸು ನೆಡುವ ಜಾಗ ಬೇರೆ. ಮುಸುಕಿನ ಜೋಳ, ಜೋಳ, ಗೆಣಸು, ಭತ್ತ ಎಲ್ಲವೂ ಉಂಟು. ಮೊಂಗುವಿನ ಪರಿಮಳದ ಅಕ್ಕಿ ಜಾಂಬಿಯದ ಪೇಟೆಗಳಲ್ಲೆಲ್ಲ ಹೆಸರುವಾಸಿ. ನಿತ್ಯದ ಊಟವೆಂದರೆ ಮಾತ್ರ ಹಿಟ್ಟಿನ ಮುದ್ದೆ, ಅದರೊಡನೆ ಮೀನು, ಇಲ್ಲವೆ ‘ಮಬಿಸಿ’ ಎಂಬ ಹುಳಿ ಮೊಸರು. ಮುದ್ದೆ ಮೊಸರಿಗೆ ಯಾರ ಅನುವಾದವೂ ಬೇಕಾಗದೆಂದು ತೋರುತ್ತದೆ.

ಮೀನಿನ ವಿಚಾರ ಹೇಳದಿದ್ದರೆ ನೆರೆಯ ಬೆಲೆ ತಿಳಿಯದು. ನೀರು ಬಯಲಿಗೆ ಹರಡಿದಾಗ ಮೀನುಗಳು ನದಿಯ ಪಾತ್ರ ಬಿಟ್ಟು ಮುಳುಗಿದ ಹುಲ್ಲಿನ ನಡುವೆ ಮರಿ ಮಾಡುತ್ತವೆ. ನೀರು ಇಳಿಯುವಾಗ ಮರಿಗಳೆಲ್ಲ ಮತ್ತೆ ನದಿಯ ಕಡೆಗೆ ಮುಖ ಮಾಡುತ್ತವೆ. ದಾರಿಯಲ್ಲಿ ಜೊಂಡಿನ ತಡಿಕೆಗಳನ್ನು ಅಡ್ಡ ಹೂಡಿ ಜನ ಕಾದಿರುತ್ತಾರೆ. ನೆರೆ ಕುಗ್ಗಿದ ವರ್ಷ ಮರಿ ಕಡಿಮೆ. ಮರುವರ್ಷ ಬಲೆ ಬರಿದು. ಹುಲ್ಲು ಕಡಿಮೆಯಾದರೆ ಹಾಲೂ ಕಡಿಮೆ. ಬಯಲಿನವರಿಗೆ ದೋಣಿಗೆ ಮರವಿಲ್ಲ, ಜೇನಿಲ್ಲ. ಕಾಡಿನವರಿಗೆ ಮೀನಿಲ್ಲ, ಹಾಲಿಲ್ಲ. ಇಬ್ಬರ ನಡುವಣ ಕೊಡುಕೊಳ್ಳುವಿಕೆಯ ಮೇಲೆಯೇ ಒಂದು ರಾಜ್ಯ ಕಟ್ಟಲ್ಪಟ್ಟಿತು. ಆ ರಾಜ್ಯದ ಅರಸನಿಗೆ ‘ಲಿತುಂಗ’ ಎಂದು ಬಿರುದು. ಭೂಮಿ, ಭೂಮಿಯ ಒಡೆಯ ಎಂದು ಅದರ ಅರ್ಥ.

ಭೂಮಿಯ ಒಡೆಯನೇನೋ ಸರಿ, ನೀರಿನ ಒಡೆಯನಲ್ಲವಲ್ಲ! ಅರಸನ ಬೇಸಗೆಯ ರಾಜಧಾನಿ ಲೇಲೂಯಿ, ಬಯಲಿನ ನಡುವೆ. ನೆರೆ ಏರಿದಾಗ ಪ್ರಜೆಗಳಂತೆ ಆತನೂ ಮನೆ ಬಿಡಬೇಕು. ಈ ಪ್ರಯಾಣಕ್ಕೆ ‘ಕುವೊಂಬೊಕ’ ಎಂದು ಹೆಸರು. ನೀರಿನಿಂದ ಹೊರಗೆ ಬರುವುದು ಎಂದಷ್ಟೆ ಅದರ ಅರ್ಥ. ಇದರ ದಿನವನ್ನು ಪಂಚಾಂಗ ನೋಡಿ ವರ್ಷದ ಮೊದಲೇ ಗೊತ್ತು ಮಾಡುವಂತಿಲ್ಲ. ನೀರಿನ ಮಟ್ಟ ನೋಡಿ, ಚಂದ್ರನನ್ನು ನೋಡಿ, ಸಮೀಪಕ್ಕೆ ಬಂದಾಗ ಸಾರುತ್ತಾರೆ. ಹಿಂದಿನ ಸಂಜೆ ಅರಮನೆಯ ಅಂಗಳದಲ್ಲಿ ‘ಮವೋಮ’ ಎಂಬ ದೊಡ್ಡ ನಗಾರಿಗಳು ಮೊಳಗುತ್ತವೆ. ಮೊದಲ ಪೆಟ್ಟು ಅರಸನದು. ನಗಾರಿಯ ದನಿ ಬಯಲನ್ನೆಲ್ಲ ಹಾದು ದೂರದ ದಿಬ್ಬಗಳಿಗೆ ಮುಟ್ಟುತ್ತದೆ: ನಾಳೆ ಹೊರಡುವುದು.

ರಾಜನೌಕೆಯ ಹೆಸರು ನಲಿಕ್ವಾಂಡ. ಕಪ್ಪು ಬಿಳಿ ಪಟ್ಟೆಗಳ ಭಾರಿ ದೋಣಿ. ನಡುವೆ ಅರಸನಿಗೆ ಬಿಳಿಯ ಗುಡಾರ. ಅದರ ನೆತ್ತಿಯ ಮೇಲೆ ಒಂದು ಕಪ್ಪು ಆನೆಯ ಬೊಂಬೆ, ಒಳಗಿನಿಂದ ಆಡಿಸಿದರೆ ಅದು ಕಿವಿ ಬೀಸುತ್ತದೆ! ನೂರರಷ್ಟು ಜನ ನಿಂತು ಹುಟ್ಟು ಹಾಕುತ್ತಾರೆ. ಹುಟ್ಟು ಹಾಕುವುದು ದೊಡ್ಡ ಮರ್ಯಾದೆ; ತಾಳ ತಪ್ಪಿದವನನ್ನು ಹಿಂದೆ ನೀರಿಗೆ ನೂಕಿಬಿಡುತ್ತಿದ್ದರಂತೆ. ನೌಕೆಯಲ್ಲಿ ಸದಾ ಒಂದು ಬೆಂಕಿ ಉರಿಯುತ್ತಿರುತ್ತದೆ. ಅದರ ಹೊಗೆ ಕಂಡರೆ ದಡದವರಿಗೆ ಸಮಾಧಾನ, ಅರಸ ಕ್ಷೇಮವಾಗಿದ್ದಾನೆಂದು. ಹಿಂದೊಮ್ಮೆ ಎಲ್ಲವನ್ನೂ ನುಂಗಿದ ಮಹಾಪ್ರಳಯವಾದಾಗ ನ್ಯಾಂಬೆ ದೇವರ ಅಪ್ಪಣೆಯಂತೆ ಮೊದಲ ನಲಿಕ್ವಾಂಡವನ್ನು ಕಟ್ಟಿದರೆಂದು ಲೋಜಿಗಳ ಐತಿಹ್ಯ. ಮನುವಿನ ಮತ್ಸ್ಯವನ್ನು ಓದುಗರು ಇಲ್ಲಿ ನೆನೆದರೆ ತಪ್ಪೇನಿಲ್ಲ. ಕೆಲವು ಗಂಟೆಗಳ ಈ ಪ್ರಯಾಣ ಮುಗಿಯುವುದು ಬಯಲಂಚಿನ ಲಿಮುಲುಂಗದಲ್ಲಿ. ಈ ನೆರೆಗಾಲದ ರಾಜಧಾನಿಯನ್ನು ಕಟ್ಟಿಸಿದವನು ಮೂರನೆಯ ಯೇತ, 1933ರಲ್ಲಿ. ದಡದಲ್ಲಿ ನೆರೆದ ಸಹಸ್ರಾರು ಮಂದಿಯ ಮುಂದೆ ಅರಸ ಇಳಿಯುವಾಗ ತೊಟ್ಟಿರುವ ಉಡುಪು ಯಾವುದು ಬಲ್ಲಿರಾ? ಚಿನ್ನದ ಜರಿಯ ಬ್ರಿಟಿಷ್ ನೌಕಾಧಿಪತಿಯ ಸಮವಸ್ತ್ರ! 1902ರಲ್ಲಿ ಲೇವನಿಕ ಎಂಬ ಅರಸ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಲಂಡನ್ನಿಗೆ ಹೋದಾಗ ದೊರೆತ ಉಡುಗೊರೆಯ ಮಾದರಿ ಅದು. ನಗಬೇಕೆನಿಸುತ್ತದೆ, ಲೇವನಿಕನ ಕಥೆ ತಿಳಿದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಆ ಕಥೆಗೆ ಮೊದಲು ಭಾಷೆಯ ಮಾತೊಂದನ್ನು ಹೇಳದಿದ್ದರೆ ಕನ್ನಡ ಪಾಠ ಹೇಳುವವನ ಚಪಲ ತೀರದು. ಈ ಜನರ ಮೂಲ ಹೆಸರು ಲೂಯಿ. ಮೂಲ ಭಾಷೆ ಸಿಲುಯಾನ. 1840ರ ಸುಮಾರಿಗೆ ದಕ್ಷಿಣ ಆಫ್ರಿಕದ ಕಲಹಗಳಿಂದ ತಪ್ಪಿಸಿಕೊಂಡು ಬಂದ ಕೊಲೊಲೊ ಎಂಬ ಸೋಥೊ ಪಂಗಡದವರು, ಸೆಬೆತ್ವಾನೆ ಎಂಬ ನಾಯಕನ ಹಿಂದೆ, ಈ ಬಯಲನ್ನು ಗೆದ್ದುಕೊಂಡರು. 1851ರಲ್ಲಿ ಲಿವಿಂಗ್‌ಸ್ಟನ್ ಭೇಟಿಯಾದದ್ದು ಈ ಸೆಬೆತ್ವಾನೆಯನ್ನೆ. ಆತ ಅದೇ ವರ್ಷ ತೀರಿಕೊಂಡ. ಬಯಲಿನ ಚಳಿಜ್ವರ ಕೊಲೊಲೊಗಳನ್ನು ಕರಗಿಸುತ್ತ ಬಂತು. 1864ರಲ್ಲಿ ಲೂಯಿಗಳು ದಂಗೆಯೆದ್ದು ಕೊಲೊಲೊ ಗಂಡಸರನ್ನು ಕೊಂದು ತಮ್ಮ ಅರಸರನ್ನು ಮತ್ತೆ ಪಟ್ಟಕ್ಕೆ ತಂದರು. ಹೆಂಗಸರೂ ಮಕ್ಕಳೂ ಉಳಿದರು, ಮನೆಮನೆಗೆ ಸೇರಿದರು. ಅವರೊಡನೆ ಭಾಷೆಯೂ ಉಳಿಯಿತು! ಇಂದು ಪ್ರಾಂತದ ತುಂಬ ಕೇಳುವ ಸಿಲೋಜಿ, ಒಂದೂವರೆ ಸಾವಿರ ಕಿಲೋಮೀಟರು ದಕ್ಷಿಣದ ಲೆಸೊಥೊ ದೇಶದ ನುಡಿಗೆ ಒಡಹುಟ್ಟು. ವಿಕ್ಟೋರಿಯ ಜಲಪಾತಕ್ಕಿರುವ ‘ಮೊಸಿ ಓವ ತುನ್ಯ’, ಗುಡುಗುವ ಹೊಗೆ, ಎಂಬ ಹೆಸರೂ ಆ ಕೊಲೊಲೊಗಳದೇ. ಮಡಿದವರ ಮಾತು ಕೊಂದವರ ಮಕ್ಕಳಿಗೆ ತಾಯ್ನುಡಿಯಾಯಿತು. ಹಳೆಯ ಸಿಲುಯಾನ ಅರಮನೆಯ ಹಾಡು, ಹೊಗಳಿಕೆ, ವಿಧಿಗಳಲ್ಲಿ ಮಾತ್ರ ಬಾಳುತ್ತಿದೆ; ಸಾಮಾನ್ಯರಿಗೆ ಅದು ನಮ್ಮ ವಿದ್ಯಾರ್ಥಿಗಳಿಗೆ ಹಳಗನ್ನಡವಿದ್ದಂತೆ, ಗೌರವವುಂಟು, ಅರ್ಥವಾಗದು.

ಇವರ ರಾಜ್ಯವ್ಯವಸ್ಥೆಯನ್ನು ಹೊರಜಗತ್ತಿಗೆ ಚೆನ್ನಾಗಿ ತಿಳಿಸಿದವನು ಮ್ಯಾಕ್ಸ್ ಗ್ಲುಕ್‌ಮನ್ ಎಂಬ ಮಾನವಶಾಸ್ತ್ರಜ್ಞ. ಅವನು 1940ರಿಂದ ಬಯಲಿನಲ್ಲಿ ಓಡಾಡಿ, ಲೋಜಿಗಳ ನ್ಯಾಯತೀರ್ಮಾನದ ಕ್ರಮವನ್ನು ಕುರಿತು 1955ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ. ‘ಕೂತ’ ಎಂಬ ಸಭೆಯಲ್ಲಿ ವ್ಯಾಜ್ಯ ತೀರಿಸುವಾಗ ಮೊದಲು ತೀರ್ಪು ಹೇಳಬೇಕಾದವನು ಅತ್ಯಂತ ಕಿರಿಯ ಸದಸ್ಯ. ಅಲ್ಲಿಂದ ಮೇಲಕ್ಕೆ ಹೋಗಿ ಹಿರಿಯನದು ಕಡೆಯ ಮಾತು. ಹಿರಿಯ ಮೊದಲು ಬಾಯಿಬಿಟ್ಟರೆ ಕಿರಿಯ ಹೌದೆನ್ನದೆ ಬೇರೇನು ಹೇಳಿಯಾನು? ಮನೆಯ ಹಿರಿಯರು, ಕಾಲೇಜಿನ ಸಭೆಗಳ ಅಧ್ಯಕ್ಷರು ಇದನ್ನು ಒಮ್ಮೆ ಪರೀಕ್ಷಿಸಿ ನೋಡಬಹುದು. ಅರಸನ ಪ್ರಧಾನನಿಗೆ ‘ಙಂಬೇಲ’ ಎಂದು ಹೆಸರು; ಆತ ರಾಜವಂಶದವನಾಗಿರಕೂಡದು, ಏಕೆಂದರೆ ಅರಸನ ಎದುರಿಗೆ ಪ್ರಜೆಗಳ ಪರವಾಗಿ ನಿಲ್ಲಬೇಕಾದವನು ಅವನು. ಇನ್ನೊಬ್ಬ ಅಧಿಕಾರಿ ‘ನತಮೋಯೊ’, ಜೀವದ ಒಡೆಯ. ಅರಸನ ಕೋಪಕ್ಕೆ ಗುರಿಯಾದವನು ಹೇಗಾದರೂ ಓಡಿ ಅವನ ಅಂಗಳ ಮುಟ್ಟಿದರೆ ಮುಗಿಯಿತು, ಅರಸನೂ ಅವನನ್ನು ಮುಟ್ಟುವಂತಿಲ್ಲ. ದಕ್ಷಿಣದ ನಲೋಲೊದಲ್ಲಿ ರಾಜವಂಶದ ಹೆಣ್ಣೊಬ್ಬಳು ಎರಡನೆಯ ಸಿಂಹಾಸನವನ್ನು ಆಳುತ್ತಾಳೆ. ಇದೆಲ್ಲವನ್ನೂ ಓದಿ ಇದು ರಾಮರಾಜ್ಯವೆಂದು ಯಾರೂ ಭ್ರಮಿಸಬೇಕಾಗಿಲ್ಲ. ಸುತ್ತಲಿನ ಪಂಗಡಗಳಿಂದ ಕಪ್ಪಕಾಣಿಕೆಯಾಗಿ ಆಳುಗಳನ್ನು ತರಿಸಿ ದುಡಿಸಿಕೊಂಡ ರಾಜ್ಯವಿದು. ಬಯಲಿನ ದಿಬ್ಬಗಳೂ ಕಾಲುವೆಗಳೂ ಅಂಥ ಬೆವರನ್ನು ಬಹಳ ಕುಡಿದಿವೆ. ಆಳುತನವನ್ನು ಕೊನೆಗಾಣಿಸುವ ಘೋಷಣೆ ಹೊರಟದ್ದು 1906ರಲ್ಲಿ.

ಈಗ ಲೇವನಿಕನ ಮಾತು. 1878ರಲ್ಲಿ ಪಟ್ಟಕ್ಕೆ ಬಂದವನು, ನಡುವೆ ಒಮ್ಮೆ ಪದಚ್ಯುತನಾಗಿ ಮರಳಿ ಗೆದ್ದವನು, 1916ರಲ್ಲಿ ತೀರಿಕೊಳ್ಳುವವರೆಗೆ ಆಳಿದವನು. ಬಯಲಿನಲ್ಲಿ ಕಾಲುವೆಗಳನ್ನು ತೋಡಿಸಿದ. ಸುತ್ತಲೂ ಬಿಳಿಯರ ಬಲೆ ಬಿಗಿಯುವುದನ್ನು ಕಂಡು, ಆಂಗ್ಲರ ರಾಣಿಯ ಆಶ್ರಯ ಸಿಕ್ಕರೆ ರಾಜ್ಯ ಉಳಿದೀತೆಂದು ಬಗೆದ. 1890ರಲ್ಲಿ ಲೋಕ್ನರ್ ಎಂಬ ದೂತ ಬಂದಾಗ, ರಾಣಿಯ ಕಡೆಯವನೆಂದೇ ನಂಬಿ ಒಪ್ಪಂದಕ್ಕೆ ಗುರುತು ಹಾಕಿದ. ವಾಸ್ತವದಲ್ಲಿ ಆತ ಸೆಸಿಲ್ ರೋಡ್ಸನ ವ್ಯಾಪಾರಿ ಕಂಪನಿಯ ಮನುಷ್ಯ. ಗಣಿಯ ಹಕ್ಕು ಕಂಪನಿಗೆ, ವರ್ಷಕ್ಕೆ ಎರಡು ಸಾವಿರ ಪೌಂಡು ಅರಸನಿಗೆ. ಮೋಸ ತಿಳಿದಾಗ ಲೇವನಿಕ ಪ್ರತಿಭಟಿಸಿ ಕಾಗದ ಬರೆಸಿದ. ಕಾಗದಗಳು ಹೋದುವು. ಕಂಪನಿ ಉಳಿಯಿತು. ಹನ್ನೆರಡು ವರ್ಷಗಳ ಮೇಲೆ ಲಂಡನ್ನಿನಲ್ಲಿ ಸಿಕ್ಕಿದ್ದು ಚಿನ್ನದ ಜರಿಯ ಸಮವಸ್ತ್ರ. 1905ರಲ್ಲಿ ಇಟಲಿಯ ದೊರೆ ಮಧ್ಯಸ್ಥನಾಗಿ ಪೋರ್ಚುಗೀಸರ ಅಂಗೋಲಕ್ಕೂ ಈ ನಾಡಿಗೂ ಗಡಿ ಎಳೆದಾಗ ಲೇವನಿಕ ತನ್ನದೆಂದು ಸಾಧಿಸಿದ್ದ ನೆಲದಲ್ಲಿ ದೊಡ್ಡ ಭಾಗ ಆಚೆಗೆ ಹೋಯಿತು.

ಸ್ವಾತಂತ್ರ್ಯದ ಹೊತ್ತಿಗೆ ಮತ್ತೊಂದು ಕಾಗದ. 1964ರ ಮೇ 18ರಂದು ಲಂಡನ್ನಿನಲ್ಲಿ ಕೆನೆತ್ ಕೌಂಡ ಮತ್ತು ಲೇವನಿಕನ ಮಗ ಮೂರನೆಯ ಮ್ವಾನವಿನ ಒಂದು ಒಪ್ಪಂದಕ್ಕೆ ಸಹಿ ಹಾಕಿದರು: ಬಾರೋಟ್ಸೆಲ್ಯಾಂಡ್ ಜಾಂಬಿಯದೊಳಗೆ ಸೇರುವುದು, ನೆಲದ ವಿಚಾರ, ನ್ಯಾಯ, ಸ್ಥಳೀಯ ಆಡಳಿತದಲ್ಲಿ ಲಿತುಂಗನ ಹಳೆಯ ಅಧಿಕಾರಗಳು ಉಳಿಯುವುವು. ಅಕ್ಟೋಬರ್ 24ರಂದು ಜಾಂಬಿಯ ಸ್ವತಂತ್ರವಾಯಿತು. ಐದು ವರ್ಷ ಕಳೆಯುವಷ್ಟರಲ್ಲಿ, 1969ರಲ್ಲಿ, ಸಂವಿಧಾನದ ತಿದ್ದುಪಡಿಯಿಂದ ಒಪ್ಪಂದ ರದ್ದಾಯಿತು. ಬಾರೋಟ್ಸೆ ಎಂಬ ಹೆಸರೂ ಅದರೊಡನೆ ಹೋಗಿ ‘ಪಶ್ಚಿಮ ಪ್ರಾಂತ’ವಾಯಿತು. ಎಪ್ಪತ್ತಕ್ಕೂ ಹೆಚ್ಚು ಪಂಗಡಗಳನ್ನು ಒಂದು ದೇಶವಾಗಿ ಕಟ್ಟಬೇಕಾಗಿದ್ದ ಹೊಸ ಸರ್ಕಾರದ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಒಬ್ಬ ಅರಸನಿಗೆ ಕೊಟ್ಟದ್ದನ್ನು ಉಳಿದವರೂ ಕೇಳಿದರೆ? ಆದರೆ ಒಪ್ಪಂದ ಕಷ್ಟವಾದರೆ ಇನ್ನೊಮ್ಮೆ ಕುಳಿತು ಮಾತಾಡುವುದು ಬೇರೆ, ಒಬ್ಬರೇ ಹರಿದುಹಾಕುವುದು ಬೇರೆ. ಆ ಗಾಯ ಮಾಯಲಿಲ್ಲ. 2011ರ ಜನವರಿಯಲ್ಲಿ ಮೊಂಗುವಿನಲ್ಲಿ ಇದೇ ಒಪ್ಪಂದದ ಹೆಸರಿನಲ್ಲಿ ಗಲಭೆಯಾಗಿ ಜೀವಹಾನಿಯಾಯಿತು. 2012ರ ಮಾರ್ಚಿಯಲ್ಲಿ ಬಾರೋಟ್ಸೆ ಮಹಾಸಭೆ, ಒಪ್ಪಂದವೇ ಇಲ್ಲದ ಮೇಲೆ ಕೂಡಿರಬೇಕಾದ ಬಾಧ್ಯತೆಯೂ ಇಲ್ಲವೆಂದು ನಿರ್ಣಯಿಸಿತು.

ಪ್ರಾಂತದವರೆಲ್ಲ ಲೋಜಿಗಳೇ ಎಂದು ತಿಳಿಯುವುದೂ ಸರಿಯಲ್ಲ. ಅಂಗೋಲದ ಕಡೆಯಿಂದ ಅಲೆಅಲೆಯಾಗಿ ಬಂದ ಎಂಬುಂಡ, ಲುವಾಲೆ ಜನರುಂಟು. ಪೂರ್ವದ ಕಾಡುಗಳಲ್ಲಿ ಎನ್ಕೋಯರುಂಟು. ಲೋಜಿ ಅರಸನ ಅರಮನೆಯ ವಾದ್ಯಮೇಳ ಎನ್ಕೋಯರಿಂದ ಬಂದದ್ದು. ಹಾಡುವ ಹಾಡೂ ಅವರ ನುಡಿಯವು. ನಮ್ಮ ಸಂಗೀತದಿಂದ ಮೆರೆಯುವವರು ನಮಗೆ ಸಮಾನ ಸ್ಥಾನ ಕೊಡಲಿಲ್ಲವೆಂಬುದು ಎನ್ಕೋಯರ ಹಳೆಯ ಅಳಲು. ಈಗ ‘ಕಜಂಗ’ ಎಂಬ ತಮ್ಮದೇ ಉತ್ಸವವನ್ನು ಅವರು ನಡೆಸಿಕೊಂಡು ಬಂದಿದ್ದಾರೆ. ಲುಸಾಕದ ಎದುರಿಗೆ ಲೋಜಿಗಳು ಹೇಳುವ ಮಾತನ್ನೇ ಲೋಜಿಗಳ ಎದುರಿಗೆ ಇವರು ಹೇಳುತ್ತಾರೆ.

ಬಡತನವಂತೂ ಎಲ್ಲರಿಗೂ ಸಮಾನ. 2015ರ ಸರ್ಕಾರಿ ಸಮೀಕ್ಷೆಯಂತೆ ಪ್ರಾಂತದ ನೂರರಲ್ಲಿ ಎಂಬತ್ತೆರಡು ಜನ ಬಡವರು. ಜಾಂಬಿಯದಲ್ಲಿ ಇಷ್ಟು ಬಡತನ ಬೇರಾವ ಪ್ರಾಂತದಲ್ಲಿಯೂ ಇರಲಿಲ್ಲ. ಬಿಳಿಯರ ಕಾಲದಲ್ಲಿ ಇಲ್ಲಿಯ ಗಂಡಸರು ತೆರಿಗೆ ಕಟ್ಟುವುದಕ್ಕಾಗಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗೆ ದುಡಿಯಲು ಹೋಗುತ್ತಿದ್ದರು. ಬಯಲಿನ ಕಾಲುವೆಗಳು ಹೂಳು ತುಂಬಿದ್ದಕ್ಕೆ ಹೀಗೆ ಕೈಗಳು ಊರು ಬಿಟ್ಟದ್ದೂ ಒಂದು ಕಾರಣ. ಒಂದು ಒಳ್ಳೆಯ ಸುದ್ದಿಯೆಂದರೆ ರಸ್ತೆ. ಮೊಂಗುವಿನಿಂದ ಬಯಲಿನ ಆಚೆ ದಡಕ್ಕೆ ನೆರೆಗಾಲದಲ್ಲಿ ದೋಣಿಯ ಹೊರತು ಗತಿಯಿರಲಿಲ್ಲ. ಮೊದಲ ಸಲ ರಸ್ತೆ ಹಾಕಹೊರಟಾಗ ನೆರೆ ಅದನ್ನು ಕೊಚ್ಚಿಕೊಂಡು ಹೋಯಿತು. ಕಡೆಗೆ ಚೀನೀಯರ ಕಂಪನಿಯೊಂದು ಬಯಲಿನ ಮೂವತ್ತನಾಲ್ಕು ಕಿಲೋಮೀಟರಿಗೆ ಇಪ್ಪತ್ತಾರು ಸೇತುವೆಗಳನ್ನು ಕಟ್ಟಿ 2016ರಲ್ಲಿ ಮುಗಿಸಿತು. ಬಸುರಿ ಹೆಂಗಸನ್ನು ಆಸ್ಪತ್ರೆಗೆ ಕರೆತರಲು ದಿನವಿಡೀ ಹುಟ್ಟು ಹಾಕುತ್ತಿದ್ದ ಊರುಗಳಿಗೆ ಇದು ಎಂಥ ಭಾಗ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ರಸ್ತೆ ಬಂದ ಮೇಲೆ ನೀರು ಮುನಿಸಿಕೊಂಡಂತಿದೆ. 2019ರಲ್ಲಿ ನೆರೆ ಸಾಲದೆ ಕುವೊಂಬೊಕ ನಡೆಯಲಿಲ್ಲ. 2020ರಲ್ಲಿ ಕೋವಿಡ್ ಅಡ್ಡ ಬಂತು. 2024ರಲ್ಲಿ ದೇಶದ ಬಹುಭಾಗದಲ್ಲಿ ಬೆಳೆ ಒಣಗಿ ಫೆಬ್ರವರಿಯ ಕೊನೆಯಲ್ಲಿ ಸರ್ಕಾರ ಬರಗಾಲವನ್ನು ರಾಷ್ಟ್ರೀಯ ವಿಪತ್ತೆಂದು ಸಾರಿತು. ಆ ಏಪ್ರಿಲಿನಲ್ಲೂ ನಲಿಕ್ವಾಂಡ ಹೊರಡಲಿಲ್ಲ. 2000ದಲ್ಲಿ ಪಟ್ಟಕ್ಕೆ ಬಂದ ಲಿತುಂಗ ಎರಡನೆಯ ಲುಬೋಸಿ ಇಮ್ವಿಕೊ ಅವರ ನೌಕೆಗೆ ಬೇಕಾದಷ್ಟು ಆಳದ ನೀರು ಬಯಲಿನಲ್ಲಿ ನಿಲ್ಲಲಿಲ್ಲ. ಪ್ರವಾಸಿಗಳಿಗೆ ಒಂದು ನೋಟ ತಪ್ಪಿತು, ಅಷ್ಟೆ. ಬಯಲಿನವರಿಗೆ ಆ ವರ್ಷ ಮೀನು ಮರಿ ಮಾಡುವ ಹುಲ್ಲು ಮುಳುಗಲಿಲ್ಲ, ತಗ್ಗಿನ ಹೊಲಕ್ಕೆ ಹಸಿ ಹತ್ತಲಿಲ್ಲ, ದನಗಳಿಗೆ ಎಳೆಯ ಹುಲ್ಲು ಚಿಗುರಲಿಲ್ಲ. ದಿಬ್ಬದ ಮೇಲಿನ ಮನೆಗಳು ಏಪ್ರಿಲಿನಲ್ಲಿಯೂ ಒಣಗಿಯೇ ಇದ್ದುವು. ಯಾರೂ ಗಂಟು ಕಟ್ಟಬೇಕಾಗಿರಲಿಲ್ಲ.

ನೆರೆ ಚೆನ್ನಾಗಿ ಬಂದ ವರ್ಷಗಳಲ್ಲಿ ಜುಲೈ ಆಗಸ್ಟಿನ ಹೊತ್ತಿಗೆ ಅರಸ ಲೇಲೂಯಿಗೆ ಹಿಂದಿರುಗುತ್ತಾನೆ. ಅದಕ್ಕೆ ‘ಕುಫುಲುಹೇಲ’ ಎಂದು ಹೆಸರು. ಆ ಪ್ರಯಾಣಕ್ಕೆ ಅಷ್ಟಾಗಿ ಜನ ಸೇರುವುದಿಲ್ಲ, ಚಿತ್ರ ತೆಗೆಯುವವರೂ ವಿರಳ. ದನಗಳು ಬಯಲಿಗೆ ಇಳಿಯುತ್ತವೆ, ಹೆಂಗಸರು ತಗ್ಗಿನ ಹೊಲಗಳಿಗೆ ಗುದ್ದಲಿ ಹಿಡಿದು ಹೋಗುತ್ತಾರೆ, ಇಳಿಯುವ ನೀರಿನ ದಾರಿಯಲ್ಲಿ ಜೊಂಡಿನ ತಡಿಕೆಗಳು ಏಳುತ್ತವೆ.